ಮೂರು ಗೋಲಿ, ಎರಡೇ ಜೇಬು

ಭಾನುವಾರ ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು, "ಏನೋ ಯೋಚನೇಲಿ ಇದ್ದೀಯಲ್ಲ?" "ಒಬ್ಬ ಗೋಲಿಯನ್ನ ಬಿಡಬೇಕಮ್ಮ, ಯಾರನ್ನ ಅಂತ ಗೊತ್ತಾಗ್ತಿಲ್ಲ" ಅಂದೆ. "ಈ ವಯಸ್ಸಲ್ಲಿ ಗೋಲಿ ಆಟಾನಾ?" ಅಂದರು. ಐಸ್ ಹಾಕಿಯ ಗೋಲ್‌ಕೀಪರ್‌ಗೆ ಈ ಟೊರಾಂಟೋದಲ್ಲಿ ಎಲ್ಲರೂ ಗೋಲಿ ಅಂತಲೇ ಕರೆಯೋದು ಎಂದು ವಿವರಿಸಲು ಹೋಗಲಿಲ್ಲ.

ನಮ್ಮ ಆಫೀಸಿನ ಹತ್ತು ಜನ ಆಡುವುದು ಫ್ಯಾಂಟಸಿ ಹಾಕಿ: ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟುತ್ತೇವೆ, ಅವರು ಆಡಿದ ಹಾಗೆ ನಮಗೆ ಅಂಕ. ಅದರಲ್ಲೂ ನಮ್ಮದು ಕೀಪರ್ ಲೀಗ್. ಪ್ರತಿ ವರ್ಷ ತಂಡವನ್ನು ಪೂರ್ತಿ ಹೊಸದಾಗಿ ಕಟ್ಟುವುದಿಲ್ಲ, ಕೆಲವರನ್ನು ಉಳಿಸಿಕೊಳ್ಳಬಹುದು. ಗೋಲಿಗಳಲ್ಲಿ ಇಬ್ಬರಿಗಷ್ಟೇ ಜಾಗ. ನನ್ನ ಹತ್ತಿರ ಇರುವುದು ಮೂವರು: ಬಾಸ್ಟನ್‌ನ ಜೆರೆಮಿ ಸ್ವೇಮನ್, ನ್ಯಾಶ್‌ವಿಲ್‌ನ ಯೂಸೆ ಸಾರೋಸ್, ವ್ಯಾಂಕೂವರ್‌ನ ಥ್ಯಾಚರ್ ಡೆಮ್ಕೊ. 2024-25ರ ಸೀಸನ್ ಪೂರ್ತಿ ಮೂವರನ್ನೂ ಇಟ್ಟುಕೊಂಡು ಒದ್ದಾಡಿದ್ದೇನೆ. ಮೂವರಿಗೂ ಒಂದೇ ವರ್ಷ ಗ್ರಹಚಾರ ಕೆಡಬೇಕಿತ್ತಾ!

ಮೊದಲು ಸ್ವೇಮನ್. ಇವನ ಬಗ್ಗೆ ನನಗೆ ಹೆಚ್ಚು ತಲೆನೋವಿಲ್ಲ. ಕಾಂಟ್ರಾಕ್ಟ್ ಜಗ್ಗಾಟದಲ್ಲಿ ತರಬೇತಿ ಶಿಬಿರವೇ ತಪ್ಪಿಹೋಯಿತು. ಸೀಸನ್ ಶುರುವಾಗಲು ಎರಡು ದಿನ ಇರುವಾಗ 8 ವರ್ಷಕ್ಕೆ 66 ಮಿಲಿಯನ್ ಡಾಲರ್‌ಗೆ ಸಹಿ ಹಾಕಿದ. ಅಲ್ಲಿಯವರೆಗೆ ಕೆಲಸ ಹಂಚಿಕೊಳ್ಳುತ್ತಿದ್ದ ಉಲ್‌ಮಾರ್ಕ್ ಆಗಲೇ ಒಟ್ಟಾವಾಗೆ ಹೋಗಿದ್ದ. ಅಭ್ಯಾಸವಿಲ್ಲದೆ, ಒಬ್ಬನೇ ಇಡೀ ಹೊರೆ ಹೊತ್ತ. 58 ಪಂದ್ಯ, 22 ಗೆಲುವು, ಸೇವ್ ಪರ್ಸೆಂಟೇಜ್ (ಗೋಲಿನತ್ತ ಬಂದ ಹೊಡೆತಗಳಲ್ಲಿ ತಡೆದ ಪಾಲು) 0.892. ಅದರ ಹಿಂದಿನ ವರ್ಷ ಇದೇ ಮನುಷ್ಯ 0.916 ಇದ್ದ. ಆಮೇಲೆ ಮೇ ತಿಂಗಳಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಅಮೆರಿಕ 1-0ಯಲ್ಲಿ ಗೆದ್ದಿತು, ಒಲಿಂಪಿಕ್ಸ್ ಸೇರಿಸದಿದ್ದರೆ 1933ರ ನಂತರ ಮೊದಲ ಸಲ. ಆಗ ವಯಸ್ಸು ಇನ್ನೂ 26. ಇವನನ್ನು ಬಿಟ್ಟರೆ ಆಮೇಲೆ ಕೈ ಕಚ್ಚಿಕೊಳ್ಳುವವನು ನಾನೇ.

ಹಾಗಾದರೆ ಜಗಳ ಉಳಿದ ಇಬ್ಬರದ್ದು.

ಸಾರೋಸ್ ಗಾಣದೆತ್ತು. ಕರೆದಾಗಲೆಲ್ಲ ಬರುತ್ತಾನೆ. 2021-22ರಲ್ಲಿ 67 ಪಂದ್ಯ, ಆಮೇಲೆ ಎರಡು ವರ್ಷ 64, 64. 2024-25ರಲ್ಲಿ 58. ನಮ್ಮ ಲೀಗಿನಲ್ಲಿ ವಾರಕ್ಕೆ ಮೂರು ಪಂದ್ಯವಾದರೂ ಗೋಲಿ ಆಡಬೇಕು, ಇಲ್ಲದಿದ್ದರೆ ಆ ವಾರದ ಗೋಲಿ ಅಂಕವೆಲ್ಲ ಹೋಗುತ್ತೆ. ಅಂಥ ಲೀಗಿಗೆ ಇವನು ದೇವರು ಕೊಟ್ಟ ವರ ಅಂದುಕೊಂಡಿದ್ದೆ. ನ್ಯಾಶ್‌ವಿಲ್ ಬೇರೆ ಸ್ಟ್ಯಾಮ್‌ಕೋಸ್, ಮಾರ್ಶೆಸೋ ಅಂತ ದೊಡ್ಡ ಹೆಸರುಗಳನ್ನು ತಂದು ಸುರಿದಿತ್ತು. ಸೀಸನ್ ಶುರುವಾಗಿದ್ದೇ ಐದಕ್ಕೆ ಐದು ಸೋಲಿನಿಂದ. ಕೊನೆಗೆ ಸಾರೋಸ್‌ಗೆ ದಕ್ಕಿದ್ದು 20 ಗೆಲುವು, 0.896.

ನಾನು ತಡವಾಗಿ ಕಲಿತ ಪಾಠ ಇಲ್ಲೇ ಇರೋದು. ನಮ್ಮ ಲೀಗಿನಲ್ಲಿ ಗೋಲಿಗಳ ಅಂಕಕ್ಕೆ ಗೆಲುವು ಒಂದು ವಿಭಾಗ, ಸರಾಸರಿಗಳದ್ದು ಎರಡು: ಸೇವ್ ಪರ್ಸೆಂಟೇಜ್, ಪಂದ್ಯಕ್ಕೆ ಬಿಟ್ಟುಕೊಟ್ಟ ಗೋಲು. ಜಾಸ್ತಿ ಆಡುವ ಗೋಲಿ ಚೆನ್ನಾಗಿ ಆಡದಿದ್ದರೆ ಆ ಎರಡನ್ನೂ ಜಾಸ್ತಿಯೇ ಕೆಡಿಸುತ್ತಾನೆ. ಫೆಬ್ರವರಿಯ ಒಂದು ಭಾನುವಾರ ಎರಡೂ ಸರಾಸರಿಯಲ್ಲಿ ಕೂದಲೆಳೆಯಷ್ಟು ಮುಂದಿದ್ದೆ, ಮೂರು ಪಂದ್ಯವೂ ಆಗಿತ್ತು. ಸುಮ್ನೆ ಎಲ್ಲರನ್ನೂ ಬೆಂಚಿನಲ್ಲಿ ಕೂರಿಸಿ ಮಲಗಬಹುದಿತ್ತು. ಒಂದು ಗೆಲುವು ಸಿಗಬಹುದೆಂಬ ಆಸೆಗೆ ಇನ್ನೊಬ್ಬ ಗೋಲಿಯನ್ನು ಇಳಿಸಿದೆ. ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಐದು ಗೋಲು. ಗೆಲುವೂ ಇಲ್ಲ, ಸರಾಸರಿಯೂ ಇಲ್ಲ. ತಪ್ಪು ಪೂರ್ತಿ ನನ್ನದೇ.

ಡೆಮ್ಕೊ ಊಟಕ್ಕಿಲ್ಲದ ಉಪ್ಪಿನಕಾಯಿ. 2023-24ರಲ್ಲಿ 35 ಗೆಲುವು, 0.918, ವರ್ಷದ ಅತ್ಯುತ್ತಮ ಗೋಲಿಗೆ ಕೊಡುವ ವೆಝಿನಾ ಟ್ರೋಫಿಯ ಮತದಾನದಲ್ಲಿ ಎರಡನೇ ಸ್ಥಾನ. ಆಮೇಲೆ ಮಂಡಿಯ ಹಿಂದಿರುವ ಒಂದು ಪುಟ್ಟ ಸ್ನಾಯು ಕೈಕೊಟ್ಟಿತು. ಡಿಸೆಂಬರ್ 10ರವರೆಗೆ ಐಸ್ ಮೇಲೆ ಇಳಿಯಲಿಲ್ಲ, ಇಳಿದ ಮೇಲೂ ಮತ್ತೆ ಗಾಯ. ಆಡಿದ್ದು ಬರೀ 23 ಪಂದ್ಯ, 0.889. ಜೊತೆಗೆ ವ್ಯಾಂಕೂವರ್‌ನ ತವರಿನ ಪಂದ್ಯ ಶುರುವಾಗುವುದೇ ನಮ್ಮ ರಾತ್ರಿ ಹತ್ತಕ್ಕೆ. ಹೊದಿಕೆಯೊಳಗೆ ಇಯರ್‌ಫೋನ್ ಹಾಕಿಕೊಂಡು ನೋಡಿ, ಹೆಂಡತಿ ಹತ್ತಿರ ಬೈಸಿಕೊಂಡಿದ್ದೇನೆ.

ಬರೀ ಪರ್ಸೆಂಟೇಜ್ ನೋಡಿದರೆ ಮೂವರಲ್ಲಿ ಇವನೇ ಕೊನೆ. ಆದರೆ ಲೆಕ್ಕ ಇನ್ನೊಂದು ರೀತಿ ಹಾಕಿ ನೋಡಿ. ಡೆಮ್ಕೊ 23ರಲ್ಲಿ 10 ಗೆದ್ದ, ನೂರಕ್ಕೆ 43. ಸಾರೋಸ್ 58ರಲ್ಲಿ 20, ನೂರಕ್ಕೆ 34. ಗಾಯಗೊಂಡವನು ಐಆರ್ ಜಾಗದಲ್ಲಿ, ಅಂದರೆ ಗಾಯಾಳುಗಳಿಗೆಂದೇ ಇರುವ ಹೆಚ್ಚುವರಿ ಜಾಗದಲ್ಲಿ, ಕೂತಿರುತ್ತಾನೆ, ತಂಡದಲ್ಲಿ ಜಾಗ ತಿನ್ನುವುದಿಲ್ಲ, ಸರಾಸರಿ ಕೆಡಿಸುವುದೂ ಇಲ್ಲ. ಅವನಿಲ್ಲದಾಗ ಆಡುವ ಲ್ಯಾಂಕಿನೆನ್ 2024-25ರಲ್ಲಿ 25 ಗೆದ್ದ. ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ನಮ್ಮ ಡ್ರಾಫ್ಟ್‌ನಲ್ಲಿ ಅವನು ಕೊನೆಯ ಸುತ್ತುಗಳಲ್ಲೂ ಸಿಗುತ್ತಾನೆ. ಇಬ್ಬರನ್ನೂ ಹಿಡಿದರೆ ವ್ಯಾಂಕೂವರ್‌ನ ಗೋಲು ಹೆಚ್ಚುಕಡಿಮೆ ಇಡೀ ವರ್ಷ ನನ್ನದೇ. ಬೆಳಗಿನ ಅಭ್ಯಾಸದಲ್ಲಿ ಯಾರು ಮೊದಲು ಐಸ್‌ನಿಂದ ಹೊರಬಂದರು ಎಂದು ನೋಡಿಕೊಂಡರೆ ಸಾಕು. ಸಾಮಾನ್ಯವಾಗಿ ಆ ರಾತ್ರಿ ಆಡುವವನು ಅವನೇ.

ನಿಮ್ಮ ಲೀಗಿನಲ್ಲಿ ಪ್ರತಿ ಸೇವ್‌ಗೂ ಅಂಕ ಇದ್ದರೆ ನನ್ನ ಮಾತು ಕೇಳಬೇಡಿ, ಸಾರೋಸ್‌ನನ್ನು ಇಟ್ಟುಕೊಳ್ಳಿ. ಅಲ್ಲಿ ಗಾಣದೆತ್ತಿಗೇ ಬೆಲೆ. ಆದರೆ ಅವನ ಪರ್ಸೆಂಟೇಜ್ 2022-23ರಿಂದ 2024-25ರವರೆಗೆ 0.919, 0.906, 0.896 ಅಂತ ಮೆಟ್ಟಿಲಿಳಿದಿತ್ತು, ಮುಂದೆ ನಿಂತ ತಂಡವೂ ಗಟ್ಟಿಯಿರಲಿಲ್ಲ. ನಮ್ಮಂಥ ಲೀಗಿಗೆ ಅದು ಭಾರವೇ.

ಶುಕ್ರವಾರ ರಾತ್ರಿ ಸಾರೋಸ್ ಹೆಸರಿನ ಪಕ್ಕದ, ತಂಡದಿಂದ ಬಿಡುವ ಬಟನ್ ಒತ್ತಿದೆ. ಐದು ನಿಮಿಷವೂ ಆಗಿರಲಿಲ್ಲ, ಡ್ರಾಫ್ಟ್‌ನಲ್ಲಿ ಮೊದಲ ಸರದಿ ಇರುವ ಗೆಳೆಯ ಗ್ರೂಪ್‌ನಲ್ಲಿ ಕೈಮುಗಿಯುವ ಇಮೋಜಿ ಹಾಕಿದ.