ಆರು ವರ್ಷ, 94 ಸಾವಿರ ಕಿಲೋಮೀಟರ್: ನಮ್ಮ ದೇಶದ ಗಾಡಿ, ನಮ್ಮಪ್ಪನ ನಾಣ್ಯ

2019ರ ದಸರಾ ಹೊತ್ತಿಗೆ ಕೊಂಡ ಡೀಸೆಲ್ ಕಾರು. ಬಿಎಸ್4, ಅಂದರೆ ಆಗಿನ ಹೊಗೆ ನಿಯಮದ್ದು. ಮೀಟರ್ ಈಗ 94 ಸಾವಿರ ದಾಟಿದೆ. ಭಾರತದ ಕಂಪನಿಯದು ಅಂತ ಮಾತ್ರ ಹೇಳುತ್ತೇನೆ, ಕಂಪನಿ ಮತ್ತು ಮಾಡೆಲ್ ಹೆಸರು ಬೇಡ. ಹೆಸರು ಬರೆದ ತಕ್ಷಣ ಅರ್ಧ ಜನ ಓದೋದು ಬಿಟ್ಟು ಪಾರ್ಟಿ ಕಟ್ಟುತ್ತಾರೆ. ಕಂಡಿದ್ದೀನಿ.

ಯಾಕೆ ಕೊಂಡೆ ಅನ್ನೋದನ್ನ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಭಿಮಾನಕ್ಕೆ. ಅದೇ ದುಡ್ಡಿಗೆ ಕೊರಿಯಾ ಕಂಪನಿಯ ಗಾಡಿ ಬರುತ್ತಿತ್ತು, ಒಳಗೆ ಇನ್ನೂ ಚಂದ ಇತ್ತು. ಆದರೆ ನಾನು ಹರಿಹರದವನು. ಈಗ ದಾವಣಗೆರೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. ನಮ್ಮಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಲೋಹ ಕಡೆಯೋ ಲೇತ್ ಮಷೀನು ಆಗುತ್ತಿತ್ತು. ಯಾವ ಊರಿಗೆ ಹೋದರೂ ವರ್ಕ್‌ಶಾಪ್ ಕಂಡರೆ ಅಪ್ಪ ಒಳಗೆ ಇಣುಕಿ ನೋಡುತ್ತಿದ್ದರು, ನಮ್ಮ ಮಷೀನು ಇದೆಯಾ ಅಂತ. ಕಾರ್ಖಾನೆ ಈಗಿಲ್ಲ. ಅಪ್ಪನ ಇಣುಕಾಟ ಇನ್ನೂ ನಿಂತಿಲ್ಲ. ಇಂಥ ಮನೆಯಲ್ಲಿ ಬೆಳೆದವನಿಗೆ 'ಇಲ್ಲೇ ಮಾಡಿದ್ದು' ಅನ್ನೋ ಮಾತು ಬರೀ ಜಾಹೀರಾತಲ್ಲ.

ಗಾಡಿ ಮನೆಗೆ ಬಂದ ದಿನ. ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಎಲ್ಲರೂ ಪೇಡೆ ತಿನ್ನುತ್ತಿದ್ದರು. ಅಪ್ಪ ಮಾತ್ರ ಬಾನೆಟ್ ಹತ್ತಿರ ಬಗ್ಗಿ ನಿಂತಿದ್ದರು. ಬಾನೆಟ್‌ಗೂ ಚಕ್ರದ ಮೇಲಿನ ಫೆಂಡರ್‌ಗೂ ನಡುವಿನ ಸಂದಿಯಲ್ಲಿ ಹೆಬ್ಬೆರಳ ಉಗುರು ಇಟ್ಟು ಎಳೆದುಕೊಂಡು ಬಂದರು. ಆಮೇಲೆ ಜೇಬಿಂದ ಒಂದು ರೂಪಾಯಿ ನಾಣ್ಯ ತೆಗೆದರು. ಎಡಗಡೆ ಎರಡು ನಾಣ್ಯ ಜೋಡಿಸಿ ತೂರಿಸಿದರೆ ಬಿಗಿಯಾಗಿ ಕೂತವು. ಬಲಗಡೆ ಮೂರು ಹಾಕಿದರೂ ಅಲ್ಲಾಡುತ್ತಿದ್ದವು.

"ಇದನ್ನ ಇನ್‌ಸ್ಪೆಕ್ಷನ್ನಾಗ ಯಾರ್ ಪಾಸ್ ಮಾಡಿದ್ರಲೇ?" ಅಂದರು.

ಪೇಡೆ ಗಂಟಲಲ್ಲೇ ಉಳೀತು.

ಒಳ್ಳೇದನ್ನ ಬೇಗ ಹೇಳಿ ಮುಗಿಸುತ್ತೇನೆ. ಇಂಜಿನ್ನು ಗಟ್ಟಿ. ಆರು ವರ್ಷದಲ್ಲಿ ದಾರಿಯಲ್ಲಿ ಕೈಕೊಟ್ಟಿದ್ದು ಒಂದೇ ಸಲ, ಅದೂ ಇಲಿ ವೈರು ಕಡಿದಿತ್ತು. ಅದಕ್ಕೆ ಕಂಪನಿ ಏನು ಮಾಡುತ್ತದೆ, ಅಂಗಡಿಯ ಬೀಜದ ಚೀಲದ ವಾಸನೆಗೆ ನನ್ನ ಗಾಡಿಗೆ ಇಲಿ ಬರದೆ ಇನ್ನೇನು ಬರುತ್ತದೆ? ಹೈವೇಯಲ್ಲಿ 19 ಕಿ.ಮೀ. ಮೈಲೇಜು, ಊರೊಳಗೆ 14. ಬೆಂಗಳೂರಿಂದ ಬರುವಾಗ ಹಿರಿಯೂರು ದಾಟಿ, ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಕಾಣೋ ಹೊತ್ತಿಗೆ ಅಡ್ಡಗಾಳಿ ಬೀಸುತ್ತದಲ್ಲ, ಅಲ್ಲಿ ಗಾಡಿ ಒಂಚೂರೂ ಅಲುಗೋದಿಲ್ಲ. ಸ್ಟೇರಿಂಗ್ ಒಂದೇ ಕೈಯಲ್ಲಿ ನಿಲ್ಲುತ್ತದೆ. ಚನ್ನಗಿರಿ ಕಡೆ ಅಡಿಕೆ ತೋಟದ ಗಾಡಿ ದಾರಿಯಲ್ಲಿ ಮಳೆಗಾಲದಲ್ಲೂ ಹೊಟ್ಟೆ ತಾಗಿಲ್ಲ. ಕ್ಲಚ್ಚು 81 ಸಾವಿರ ಕಿಲೋಮೀಟರಿಗೆ ಹಾಕಿಸಿದೆ. ಟೈರು 52 ಸಾವಿರ ಕಿಲೋಮೀಟರಿಗೆ. ಮಾಮೂಲಿ ಸರ್ವೀಸಿಗೆ ವರ್ಷಕ್ಕೆ ಏಳೆಂಟು ಸಾವಿರ ರೂಪಾಯಿ.

ಇನ್ನು ತಲೆನೋವು. ದೊಡ್ಡದು ಯಾವುದೂ ಅಲ್ಲ. ಅದೇ ಸಿಟ್ಟು ಬರಿಸೋದು. ದೊಡ್ಡ ಕೆಲಸ ಎಲ್ಲ ಸರಿಯಾಗಿ ಮಾಡಿ, ಕೊನೆಗೆ ಸ್ಕ್ರೂ ಬಿಗಿ ಮಾಡೋ ಹೊತ್ತಿಗೆ ಕೈಬಿಟ್ಟಂತಿದೆ. ಡ್ಯಾಶ್‌ಬೋರ್ಡು ಏಳು ಸಾವಿರ ಕಿಲೋಮೀಟರಿಗೇ ಕಿರಕಿರ ಶುರು ಮಾಡಿತು. ಹಿಂದಿನ ಲೈಟೊಳಗೆ ಮಳೆನೀರು ಹೋಗಿ ಸಣ್ಣ ಅಕ್ವೇರಿಯಂ ಆಗಿತ್ತು. ಟಚ್ ಸ್ಕ್ರೀನು ರಿವರ್ಸ್ ಹಾಕಿದಾಗಲೇ ಕಪ್ಪಾಗುತ್ತದೆ. ಬೇರೆ ಹೊತ್ತಲ್ಲಿ ಅಲ್ಲ, ರಿವರ್ಸ್ ಹಾಕಿದಾಗಲೇ. ಹಿಂದಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್ 38 ಸಾವಿರ ಕಿಲೋಮೀಟರಿಗೇ ಹೋಯಿತು. ಕಿಟಕಿ ಗಾಜಿನ ಸ್ವಿಚ್ಚಿಗೆ 23 ದಿನ ಕಾದೆ. ಅಷ್ಟೂ ದಿನ ಗಾಜು ಅರ್ಧ ಇಳಿದಿತ್ತು. ಕಾರ್ತೀಕದ ಚಳಿಯಲ್ಲಿ ಮಂಕಿ ಟೋಪಿ ಹಾಕಿಕೊಂಡು ಓಡಿಸಿದ್ದೀನಿ.

ಡ್ಯಾಶ್‌ಬೋರ್ಡ್ ಕಿರಕಿರ ಯಾರು ನಿಲ್ಲಿಸಿದರು ಗೊತ್ತಾ? ಸರ್ವೀಸ್ ಸೆಂಟರಿನವರಲ್ಲ. ಅವರು ಮೂರು ಸಲ 'ಚೆಕ್ ಮಾಡಿದೀವಿ ಸರ್' ಅಂತ ಗಾಡಿ ತೊಳೆದು ಕಳಿಸಿದರು. ಪಿ.ಬಿ. ರಸ್ತೆಯ ಒಂದು ಸಣ್ಣ ಗ್ಯಾರೇಜಿನ ಹುಡುಗ ಕಿವಿಯಿಟ್ಟು ಕೇಳಿ, ಹಳೇ ಸೈಕಲ್ ಟ್ಯೂಬನ್ನ ಬೆರಳಗಲ ಕತ್ತರಿಸಿ, ಮಡಚಿ, ಎರಡು ಕಡೆ ತುರುಕಿದ. ಐವತ್ತು ರೂಪಾಯಿ ತಗೊಂಡ. ಐದು ವರ್ಷ ಆಯ್ತು, ಸದ್ದಿಲ್ಲ.

ಸರ್ವೀಸ್ ಸೆಂಟರಲ್ಲಿ ಮೂರನೇ ಸಲ ಜಗಳ ಆದಾಗ ಅಡ್ವೈಸರ್ ನಗುತ್ತಾ ಹೇಳಿದ: "ನಮ್ಮ ದೇಶದ ಗಾಡಿ ಅಲ್ವಾ ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಪಾಪದ ಹುಡುಗ, ಕೆಟ್ಟವನಲ್ಲ. ಆದರೆ ಆ ಮಾತು ಮಾತ್ರ ನನಗೆ ಇವತ್ತಿಗೂ ಅರಗಿಲ್ಲ. ಅಭಿಮಾನಕ್ಕೆ ಅಂತ ಕೊಂಡವನಿಗೆ ಅದೇ ಅಭಿಮಾನ ತೋರಿಸಿ ಬಾಯಿ ಮುಚ್ಚಿಸೋದಾ? ಅಪ್ಪನ ಕಾರ್ಖಾನೆಯಲ್ಲಿ ಅಳತೆ ಕೂದಲೆಳೆ ತಪ್ಪಿದರೂ ಮಾಡಿದ ಭಾಗ ವಾಪಸ್ ಬರುತ್ತಿತ್ತಂತೆ. ದೇಶದ ಮಷೀನು, ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಯಾರೂ ಹೇಳುತ್ತಿರಲಿಲ್ಲ ಅಂತಾರೆ ಅಪ್ಪ. ದೂರು ಹೇಳಿದರೆ ದೇಶದ್ರೋಹ ಅನ್ನೋ ಹಾಗೆ ಮಾತಾಡುವವರು ಇಂಡಿಕಾ ಕಥೆ ನೆನಪಿಸಿಕೊಳ್ಳಲಿ. 1998ರ ಡಿಸೆಂಬರಲ್ಲಿ ಟಾಟಾದವರು ಅದನ್ನ ಬಿಡುಗಡೆ ಮಾಡಿದಾಗ ಬುಕಿಂಗಿಗೆ ಜನ ಮುಗಿಬಿದ್ದರು. ಆಮೇಲೆ ದೂರುಗಳೂ ಹಾಗೇ ಬಂದವು. ಅದನ್ನೆಲ್ಲ ಸರಿಮಾಡಿ 2001ರಲ್ಲಿ ವಿ2 ತಂದರು. ಆಮೇಲೆ ಯಾವ ಊರಿನ ಟ್ಯಾಕ್ಸಿ ಸ್ಟ್ಯಾಂಡ್ ನೋಡಿದರೂ ಇಂಡಿಕಾನೇ. ಜನ ಸುಮ್ನೆ ಸಹಿಸಿಕೊಂಡಿದ್ದರೆ ವಿ2 ಬರುತ್ತಿತ್ತಾ?

ಇನ್ನು 'ನಮ್ಮದು' ಅಂದರೆ ಯಾವುದು ಅನ್ನೋ ಪ್ರಶ್ನೆ. ಎದುರು ಮನೆಯ ಮೇಷ್ಟ್ರದ್ದು ಜಪಾನಿನ ಟೊಯೊಟಾದ ಇನ್ನೋವಾ. ನಾನು ಸ್ವದೇಶಿ ಅಂತ ಶುರುಮಾಡಿದರೆ ಅವರದ್ದು ಒಂದೇ ಪ್ರಶ್ನೆ: "ನಿಮ್ದು ಮಹಾರಾಷ್ಟ್ರದಾಗ ಆಗಿದ್ದು. ನಮ್ದು ಬಿಡದೀದು. ಯಾವುದು ಲೋಕಲ್ಲು ಹೇಳ್ರಿ?" ಉತ್ತರ ಇನ್ನೂ ಕೊಟ್ಟಿಲ್ಲ. ಮಾರುತಿ ಶುರುವಾದದ್ದು ಸರ್ಕಾರಿ ಕಂಪನಿಯಾಗಿ. ಮೊದಲ ಮಾರುತಿ 800 ಕೀಲಿ ಕೊಟ್ಟದ್ದು 1983ರ ಡಿಸೆಂಬರಲ್ಲಿ. ಈಗ ಹೆಚ್ಚಿನ ಪಾಲು ಜಪಾನಿನ ಸುಜುಕಿಯದು. ನಮ್ಮ ಅಂಬಾಸಿಡರ್ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಮಾರುತಿಯ ಸ್ವಿಫ್ಟ್‌ಗೂ ಟಾಟಾದ ಇಂಡಿಕಾ ವಿಸ್ತಾಗೂ ಒಂದೇ 1.3 ಲೀಟರ್ ಡೀಸೆಲ್ ಇಂಜಿನ್ನು ಬರುತ್ತಿತ್ತು, ಅದು ಇಟಲಿಯ ಫಿಯೆಟ್‌ದು. ಎಷ್ಟು ಗಾಡಿಯಲ್ಲಿ ಬಂತೆಂದರೆ ಜನ ಅದನ್ನೇ ತಮಾಷೆಗೆ 'ರಾಷ್ಟ್ರೀಯ ಇಂಜಿನ್' ಅಂತಿದ್ದರು!

ನನ್ನ ಲೆಕ್ಕ ಸರಳ. ಕಾರಿನ ಡಿಸೈನು ಇಲ್ಲಿನ ಇಂಜಿನಿಯರುಗಳದ್ದಾಗಿರಬೇಕು, ತಪ್ಪಾದರೆ ಬೈಯೋಕೆ ಇಲ್ಲೇ ಸಿಗಬೇಕು. ಅಷ್ಟಿದ್ದರೆ ನಮ್ಮದು. ಮೇಷ್ಟ್ರು ಒಪ್ಪಲ್ಲ. ಬಿಡದಿಯಲ್ಲಿ ಬೋಲ್ಟ್ ಹಾಕೋ ಹುಡುಗರು ಯಾರು, ಜಪಾನಿನವರಾ ಅಂತಾರೆ. ಅದೂ ಹೌದು.

ಹಾಗಾದರೆ ಇನ್ನೊಮ್ಮೆ ಇದೇ ಕಂಪನಿಯ ಗಾಡಿ ತಗೊಳ್ತೀರಾ ಅಂತ ತುಂಬ ಜನ ಕೇಳುತ್ತಾರೆ. ತಮ್ಮನಿಗೆ ಒಂದು ಕಾರು ಬೇಕಿತ್ತು. ಹೋದ ತಿಂಗಳು ಅವನ ಜೊತೆ ಅದೇ ಶೋರೂಂಗೆ ಹೋದೆವು. ಅಪ್ಪನಿಗೆ ಈಗ ಎಪ್ಪತ್ತೆಂಟು, ಮಂಡಿ ನೋವು. ಆದರೂ ಬಂದರು. ಸೇಲ್ಸ್ ಹುಡುಗಿ ಸನ್‌ರೂಫ್ ತೋರಿಸುತ್ತಿದ್ದಳು. ಅಪ್ಪ ಕೋಲು ನನ್ನ ಕೈಗೆ ಕೊಟ್ಟು ಬಾನೆಟ್ ಹತ್ತಿರ ಬಗ್ಗಿದರು. ಎಡಗಡೆ ಎರಡು ನಾಣ್ಯ. ಬಲಗಡೆಯೂ ಎರಡೇ, ಬಿಗಿಯಾಗಿ. ಮತ್ತೆ ಎಡಕ್ಕೆ ಬಂದು ಇನ್ನೊಮ್ಮೆ ನೋಡಿದರು.

ಏನೂ ಹೇಳಲಿಲ್ಲ. ನಾಣ್ಯ ಜೇಬಿಗೆ ಹಾಕಿಕೊಂಡು, "ಡಿಕ್ಕಿ ತೆಗೆಸು" ಅಂದರು.