ಶಕ 1999ಕ್ಕೆ ಸರಿಹೊಂದುವ ಹಡಗು: ಲೆಗೋ ಗ್ಯಾಲಕ್ಸಿ ಎಕ್ಸ್‌ಪ್ಲೋರರ್ 10497

ಹಳೆಯ ಬಾಹ್ಯಾಕಾಶ ಆಟಿಕೆಗಳನ್ನು ಕೂಡಿಡುವವರಿಗೆ ಈ ಸೆಟ್ ಇಷ್ಟವಾಗುತ್ತದೆ. ಬರೇ ಶೋಕೇಸಿಗೆ ಬೇಕು ಎನ್ನುವವರಿಗೆ ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸಬಹುದು.

ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಕಟ್ಟುವ ಆಟಿಕೆ ಮಾಡುವ ಲೆಗೋ ಕಂಪೆನಿಗೆ 90 ವರ್ಷ ತುಂಬಿದ 2022ರಲ್ಲಿ ಬಂದದ್ದು ಇದು. 1979ರ ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಎಂಬ ಬಾಹ್ಯಾಕಾಶ ಹಡಗಿನ ಹೊಸ ರೂಪ. ಹಳೆಯದರಲ್ಲಿ 338 ತುಂಡುಗಳಿದ್ದವು, ಇದರಲ್ಲಿ 1254. ಕಟ್ಟಿ ಮುಗಿಸಿದರೆ 52 ಸೆಂಟಿಮೀಟರ್ ಉದ್ದ. ನನಗೆ ದುಬಾಯಿಯಿಂದ ಭಾವ ತಂದುಕೊಟ್ಟದ್ದು. ಪೆಟ್ಟಿಗೆಯಲ್ಲಿ ಜಾಗ ಹಿಡಿಯುತ್ತದೆ ಅಂತ ಡಬ್ಬಿ ಅಲ್ಲೇ ಬಿಸಾಡಿ, ಪ್ಯಾಕೆಟುಗಳನ್ನು ಖರ್ಜೂರದ ನಡುವೆ ತುರುಕಿ ತಂದಿದ್ದ. "ಇಷ್ಟು ದೊಡ್ಡವನಾಗಿ ಇದೆಂತದು ಮಾರಾಯ" ಅಂತ ಬೈದದ್ದೂ ಆಯಿತು.

ನಾನು ಇದನ್ನು ತರಿಸಿದ್ದಕ್ಕೆ ಕಾರಣ ಬೇರೆ. ನನ್ನ ಬಳಿ ಇರುವ ಹಳೆಯ ಆಟಿಕೆಗಳನ್ನೆಲ್ಲ ಒಂದೇ ಭವಿಷ್ಯದ ಕಥೆಗೆ ಹೊಂದಿಸುವ ಹುಚ್ಚು ನನಗೆ. ಯಾವ ಹಡಗು ಯಾವ ಇಸವಿಯಲ್ಲಿ ಹಾರಿತು, ಯಾವುದರ ನಂತರ ಯಾವುದು, ಎಲ್ಲವನ್ನೂ ಒಂದು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ತೊಂದರೆ ಏನೆಂದರೆ ಆ ಕಾಲದ ಆಟಿಕೆಗಳ ಭವಿಷ್ಯ ನಮಗೆ ಹಳೆಯ ಕಥೆ. ಮ್ಯಾಚ್‌ಬಾಕ್ಸ್‌ನವರು 1977ರಲ್ಲಿ ಅಡ್ವೆಂಚರ್ 2000 ಅಂತ ಆಟಿಕೆ ಗಾಡಿಗಳ ಸರಣಿ ತಂದರು. ಲೆಗೋದವರು 1993ರಲ್ಲಿ ಐಸ್ ಪ್ಲಾನೆಟ್ 2002 ಅಂದರು. 2002ರಲ್ಲಿ ಹಿಮದ ಗ್ರಹ ಹಾಗಿರಲಿ, ನಮ್ಮ ಕಾಸರಗೋಡಿನ ಬದಿಯಡ್ಕದಲ್ಲಿ ಮಳೆಗಾಲದಲ್ಲಿ ಕರೆಂಟೇ ಇರುತ್ತಿರಲಿಲ್ಲ.

ಇಸವಿಯನ್ನು ಅಳಿಸಿ ಬೇರೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಡಬ್ಬಿಯ ಮೇಲೆ ಅಚ್ಚಾದದ್ದು ಅಚ್ಚಾದದ್ದೇ. ತಾಳಮದ್ದಳೆಯಲ್ಲಿ ಅರ್ಥಧಾರಿ ಪದ್ಯವನ್ನು ಬದಲಿಸುವುದಿಲ್ಲ, ಅದೇ ಪದ್ಯದಿಂದ ತನಗೆ ಬೇಕಾದ ವಾದ ಹೊರಡಿಸುತ್ತಾನೆ. ಇದೂ ಹಾಗೇ. ದಾರಿ ಸಿಕ್ಕಿದ್ದು ಗೋಡೆಯ ಕ್ಯಾಲೆಂಡರಿನಲ್ಲಿ. ನಮ್ಮ ಕಡೆ ಇಸವಿಯ ಜೊತೆಗೆ ಶಕವರ್ಷ ಇರುತ್ತದೆ, ಮಲಯಾಳಂ ಕ್ಯಾಲೆಂಡರ್ ಆದರೆ ಕೊಲ್ಲವರ್ಷವೂ ಉಂಟು. 2002 ಅಂದರೆ ಕ್ರಿಸ್ತಶಕವೇ ಆಗಬೇಕು ಅಂತ ಯಾರು ಹೇಳಿದರು? ಕೊಲ್ಲವರ್ಷ ಅಂತ ಹಿಡಿದರೆ 825 ಕೂಡಿಸಬೇಕು, 2827 ಆಗುತ್ತದೆ. ಅಷ್ಟು ದೂರ ಹೋದ ಮೇಲೂ ಮನುಷ್ಯರು ಇದೇ ನಮೂನೆಯ ಹೆಲ್ಮೆಟ್ ಹಾಕುತ್ತಾರೆ ಅಂದರೆ ನಂಬಲು ಕಷ್ಟ. ಶಕವರ್ಷ ಆದರೆ 78 ಕೂಡಿಸಿದರೆ ಸಾಕು. ಅಡ್ವೆಂಚರ್ 2000 ಬರುವುದು 2078ಕ್ಕೆ, ಐಸ್ ಪ್ಲಾನೆಟ್ 2080ಕ್ಕೆ. ಮೊದಲು ಹುಡುಕಾಟದ ಗಾಡಿಗಳು, ಎರಡು ವರ್ಷ ಬಿಟ್ಟು ಹಿಮದ ಗ್ರಹದಲ್ಲಿ ಠಾಣೆ. ಪಕ್ಕಾ ಕೂತಿತು. ಮಗಳು ಮಾತ್ರ "ಅಪ್ಪಾ, ಇದು ಶುದ್ಧ ವಕೀಲಿಕೆ" ಅಂದಳು. ಇರಲಿ.

ಈ ಹಡಗಿನ ಮೇಲೆ ಇಸವಿ ಇಲ್ಲ, ನಂಬರ್ ಇದೆ: ಎಲ್ಎಲ್ 928. 1979ರ ಸೆಟ್ಟಿಗೆ ಯುರೋಪಿನಲ್ಲಿ 928, ಅಮೆರಿಕದಲ್ಲಿ 497 ಅಂತ ನಂಬರ್ ಇತ್ತು. ಹೊಸದಕ್ಕೆ 10497 ಬಂದದ್ದು ಅದರಿಂದಲೇ. ನನ್ನ ಪುಸ್ತಕದಲ್ಲಿ ಇದು ಎರಡು ಬಂದರಿನಲ್ಲಿ ನೋಂದಣಿಯಾದ ಹಡಗು. ಇವೇ ತುಂಡುಗಳಿಂದ 918 ಮತ್ತು 924 ಎಂಬ ಹಳೆಯ ಸಣ್ಣ ಹಡಗುಗಳ ಹೊಸ ರೂಪವನ್ನೂ ಕಟ್ಟಬಹುದು. ಒಂದು ಸಲಕ್ಕೆ ಒಂದೇ, ಅದು ಬೇರೆ ಮಾತು.

ಕಟ್ಟುವಾಗ ತುಂಬಾ ಖುಷಿ ಕೊಟ್ಟದ್ದು ಎರಡು ವಿಷಯ. ಸ್ಟಿಕ್ಕರ್ ಇಲ್ಲ, ಚಿತ್ರ, ಅಕ್ಷರ ಎಲ್ಲ ತುಂಡುಗಳ ಮೇಲೇ ಅಚ್ಚು. ನಮ್ಮ ತೇವದ ಹವೆಗೆ ಸ್ಟಿಕ್ಕರ್‌ಗಳ ಅಂಚು ಏಳುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಇನ್ನೊಂದು, ಮಡಚುವ ಕಾಲುಗಳು. ಒಳಗೆ ಮಲಗಲು ಜಾಗ, ಹಿಂದೆ ಬಾಗಿಲು ತೆರೆದರೆ ಸಣ್ಣ ಗಾಡಿ ಇಳಿಯುವ ದಾರಿ, ಜೊತೆಗೊಂದು ಪುಟ್ಟ ರೋಬೋಟ್. ಹಳದಿ ಗಾಜು ಹಾಗೇ ಇದೆ.

ಗಗನಯಾತ್ರಿಗಳು ನಾಲ್ವರು, ಇಬ್ಬರು ಕೆಂಪು, ಇಬ್ಬರು ಬಿಳಿ. ಹಳೆಯ ಹೆಲ್ಮೆಟ್‌ಗಳ ಗಲ್ಲದ ಪಟ್ಟಿ ತೆಳ್ಳಗೆ, ಸುಮ್ನೆ ಬಿರಿಯುತ್ತಿತ್ತು. ನನ್ನಲ್ಲಿರುವ ಹಳೆಯ ಕೆಂಪು ಗೊಂಬೆಯದ್ದೂ ಬಿರಿದಿದೆ. ಹೊಸದರಲ್ಲಿ ಪಟ್ಟಿ ದಪ್ಪ. ಕಥೆಗೆ ಇದು ಚಿನ್ನದಂಥ ಸಾಕ್ಷಿ: ಮೊದಲ ತಂಡಕ್ಕೆ ಅಪಘಾತ, ನಂತರ ಹೆಲ್ಮೆಟ್ ಬದಲು. ಬೂದು ಬಣ್ಣದ್ದೂ ಅಂಥದ್ದೇ. 2004ರ ಹೊತ್ತಿಗೆ ಲೆಗೋದವರು ಹಳೆಯ ಬೂದು ಬಿಟ್ಟು ನೀಲಿ ಛಾಯೆಯ ಬೂದು ತಂದರು. ಹಳೆಯ ಗಾಡಿಯನ್ನು ಹೊಸ ಹಡಗಿನ ಪಕ್ಕ ಇಟ್ಟರೆ ವ್ಯತ್ಯಾಸ ತಟ್ಟನೆ ಕಾಣುತ್ತದೆ. ಹಾಗಾಗಿ ಈ ಹಡಗು ಬೇರೆ ಲೋಹದ್ದು, ಮೊದಲ ತಂಡಕ್ಕಿಂತ ಈಚಿನದು. ಶಕ 1999 ಅಂತ ಬರೆದಿದ್ದೇನೆ. ಅಂದರೆ 2077. ನನ್ನ ಹಸಿರು ಮ್ಯಾಚ್‌ಬಾಕ್ಸ್ ಪ್ಲಾನೆಟ್ ಸ್ಕೌಟ್ 1975ರದ್ದು, ಲೆಗೋ ಗೊಂಬೆ ಅದರೊಳಗೆ ಹೋಗುವುದಿಲ್ಲ. ಅದನ್ನು ಆಳಿಲ್ಲದೆ ಓಡುವ ಗಾಡಿ ಮಾಡಿದೆ.

ದೂರು ಒಂದೇ, ಆದರೆ ದೊಡ್ಡದು. 1979ರ ಡಬ್ಬಿಯಲ್ಲಿ ಕುಳಿಗಳಿರುವ ನೆಲದ ಹಲಗೆ, ಇಳಿದಾಣದ ಹಲಗೆ, ಒಂದು ಸಣ್ಣ ಠಾಣೆ ಎಲ್ಲ ಇತ್ತು. ಹೊಸದರಲ್ಲಿ ಹಡಗು ಮಾತ್ರ. ಇಳಿಯುವ ಕಾಲು ಕೊಟ್ಟು ಇಳಿಯಲು ನೆಲ ಕೊಡದಿದ್ದರೆ ಹೇಗೆ? 1254 ತುಂಡು ಹಾಕಿದವರಿಗೆ ಒಂದು ಹಲಗೆ ಭಾರವಾಗುತ್ತಿತ್ತಾ?

ಅಂಗಡಿಗಳಲ್ಲಿ ಇದರ ಕಾಲ ಮುಗಿದಿದೆ, ಇನ್ನು ಕೈಯಿಂದ ಕೈಗೆ ಬಂದದ್ದೇ ಗತಿ. ಹಾಗೆ ತೆಗೆದುಕೊಳ್ಳುವುದಾದರೆ ಮೊದಲು ಹಳದಿ ಗಾಜುಗಳ ಹತ್ತಿರದ ಫೋಟೋ ಕೇಳಿ, ಗೀರು ಅಲ್ಲೇ ಬೀಳುವುದು. ಬಿಳಿ ಗೊಂಬೆಗಳನ್ನೂ ನೋಡಿ. ಕಿಟಕಿ ಪಕ್ಕ ಇಟ್ಟಿದ್ದರೆ ಬಿಸಿಲಿಗೆ ಹಳದಿಯಾಗಿರುತ್ತವೆ. ನನ್ನ ಕಥೆಗೆ ಅದೂ ನಡೆಯುತ್ತದೆ, ಆದರೆ ದರ ಕಡಿಮೆ ಮಾಡಲು ಒಳ್ಳೆಯ ನೆಪ ಅಲ್ವಾ?