ಹೊಗೆ ಘಾಟು ಎಷ್ಟಿರಬೇಕು? ಕಾರವಾರದ ಮಳೆಗಾಲದಲ್ಲಿ ನಾಲ್ಕು ಪೈಪ್ ತಂಬಾಕು

ಹೊಗೆಯಲ್ಲಿ ಕಪ್ಪಾಗಿಸಿದ ಲಟಾಕಿಯಾ ಎಲೆ ಸ್ವಲ್ಪ, ಬಿಸಿಲಲ್ಲಿ ಒಣಗಿಸಿದ ಓರಿಯೆಂಟಲ್ ಎಲೆ ಹೆಚ್ಚು, ತಳದಲ್ಲಿ ಸಣ್ಣ ಸಿಹಿಯ ವರ್ಜೀನಿಯಾ. ಈ ಹದದ ಮಿಶ್ರಣವೇ ಈಗ ನನ್ನ ತಂಬಾಕು. ‘ಅರ್ಲಿ ಮಾರ್ನಿಂಗ್ ಪೈಪ್’ ಎಂಬ ಡಬ್ಬಿ ತಂಬಾಕು ಇದೇ ಜಾತಿಯದು. ಡನ್‌ಹಿಲ್ ಹೆಸರಿನಲ್ಲಿ ಬರುತ್ತಿದ್ದುದು 2018ರಲ್ಲಿ ನಿಂತು, 2019ರಿಂದ ಪೀಟರ್ಸನ್ ಹೆಸರಿನಲ್ಲಿ ಸಿಗುತ್ತಿದೆ. ಇದರ ಪಕ್ಕದಲ್ಲಿಟ್ಟು ನೋಡಲೆಂದೇ ಈ ಬೇಸಿಗೆಯಲ್ಲಿ ಬೇರೆ ಎರಡು ಬಗೆ ತರಿಸಿದೆ: ಮಿಶ್ರಣವಿಲ್ಲದ ವರ್ಜೀನಿಯಾ ಫ್ಲೇಕ್ ಮತ್ತು ಕಟ್ಟಿಗೆ ಹೊಗೆಯಲ್ಲಿ ಹದಮಾಡಿದ ಕೆಂಟಕಿ. ಲಟಾಕಿಯಾ ಅರ್ಧಕ್ಕರ್ಧ ತುಂಬಿದ ಗಾಢ ಮಿಶ್ರಣದ ಡಬ್ಬಿಗಳು ಮನೆಯಲ್ಲಿ ಹಿಂದಿನಿಂದಲೂ ಇದ್ದವು.

ತರಿಸಲು ಕಾರಣವಿತ್ತು. ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ನಾನು ಎಲ್ಲರಂತೆ ಚೆರ್ರಿ, ವೆನಿಲಾ ಪರಿಮಳದ ತಂಬಾಕಿನಿಂದಲೇ ಶುರು ಮಾಡಿದವನು. ಆಮೇಲೆ ಲಟಾಕಿಯಾ ಸಿಕ್ಕಿತು. ಅದರ ಮುಂದೆ ಉಳಿದದ್ದೆಲ್ಲ ಸಪ್ಪೆ ಅನಿಸಿತು. ಆಗಲೇ ಹಿರಿಯ ಅಧಿಕಾರಿಯೊಬ್ಬರು ಹೇಳಿದ್ದರು, ‘ಹೊಗೆಯ ಹುಚ್ಚು ಇಳಿಯುತ್ತದೆ, ಕೊನೆಗೆ ಎಲ್ಲರೂ ವರ್ಜೀನಿಯಾಕ್ಕೇ ಬರುತ್ತಾರೆ’ ಎಂದು. ನಿವೃತ್ತನಾಗಿ ಕಾರವಾರದ ಕೋಡಿಬಾಗದಲ್ಲಿ ನೆಲೆಸಿದ ಮೇಲೆ ಗಾಢ ಮಿಶ್ರಣದ ಮೇಲಿನ ಆಸೆ ನಿಜವಾಗಿಯೂ ಇಳಿಯಿತು. ಆದರೆ ನನ್ನ ನಾಲಿಗೆ ನಿಂತದ್ದು ವರ್ಜೀನಿಯಾದಲ್ಲಿ ಅಲ್ಲ.

ಮೊದಲು ಗಾಢ ಲಟಾಕಿಯಾ. ಸಿರಿಯಾದ ಬಂದರಿನ ಹೆಸರು ಹೊತ್ತ ಈ ಎಲೆ ಈಗ ಮಾರುಕಟ್ಟೆಗೆ ಬರುವುದು ಬಹುಪಾಲು ಸೈಪ್ರಸ್ ಬಗೆಯದು. ಬಿಸಿಲಲ್ಲಿ ಒಣಗಿದ ಓರಿಯೆಂಟಲ್ ಎಲೆಯನ್ನು ಪೈನ್, ಮರ್ಟಲ್ ಮುಂತಾದ ಸುಗಂಧದ ಕಟ್ಟಿಗೆಯ ಹೊಗೆಯ ಮೇಲೆ ತೂಗುಹಾಕಿ ಕಪ್ಪಗಾಗುವವರೆಗೆ ಬಿಡುತ್ತಾರೆ. ಶಿರಸಿಯಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ಡಬ್ಬಿ ಮೂಸಿದವನೇ, ‘ಭಾವ, ನಮ್ಮ ಉಪ್ಪಾಗೆ ಸಿಪ್ಪೆ ಒಣಗಿಸುವ ಒಲೆಯ ವಾಸನೆ ಇದಕ್ಕೆ ಹೇಗೆ ಬಂತು?’ ಎಂದು ಕೇಳಿದ. ಸರಿಯಾಗಿಯೇ ಹಿಡಿದಿದ್ದ. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲು ಸಿಗದೆ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸುತ್ತಾರೆ. ಆ ಕಪ್ಪು, ಆ ಘಾಟು ಎರಡೂ ಇದರಲ್ಲಿವೆ.

ಈ ಘಾಟಿನ ತೊಂದರೆ ಎಂದರೆ ಅದು ಮೂಗನ್ನು ಬೇಗ ಮಂಕಾಗಿಸುತ್ತದೆ. ಒಂದೇ ವಾಸನೆಯಲ್ಲಿ ಕುಳಿತರೆ ಮೂಗು ಅದನ್ನು ಗುರುತಿಸುವುದನ್ನೇ ಬಿಡುತ್ತದೆ. ಪೈಪ್ ಅರ್ಧ ಉರಿಯುವಷ್ಟರಲ್ಲಿ ಹೊಗೆಯ ರುಚಿ ಎಲ್ಲಿ ಹೋಯಿತು ಎಂದು ಹುಡುಕಬೇಕಾಗುತ್ತದೆ. ಹಾಗಾಗಿಯೇ ಲಟಾಕಿಯಾ ಹಿಡಿದವರು ಇನ್ನೂ ಹೆಚ್ಚು ಲಟಾಕಿಯಾ ಇರುವ ಡಬ್ಬಿ ಹುಡುಕುತ್ತ ಹೋಗುತ್ತಾರೆ, ನಾನೂ ಹೋದೆ. ವಯಸ್ಸಾದಂತೆ ವಾಸನೆ ಹಿಡಿಯುವ ಶಕ್ತಿಯೂ ಕುಗ್ಗುತ್ತದೆ. ಮಳೆ ಶುರುವಾಗುವ ಮುಂಚೆ ಕೆಲವು ವಾರ ಪೈಪನ್ನೇ ಮುಟ್ಟದೆ ಇದ್ದು, ಆಮೇಲೆ ಹದವಾದ ಮಿಶ್ರಣ ಹಚ್ಚಿದಾಗ ಆ ಸ್ವಲ್ಪ ಲಟಾಕಿಯಾವೇ ಕೊನೆಯವರೆಗೂ ಸ್ಪಷ್ಟವಾಗಿ ಸಿಕ್ಕಿತು. ಅದರ ಹಿಂದೆ ಓರಿಯೆಂಟಲ್ ಎಲೆಯ ಹುಳಿ, ಒಣ ಗಿಡಮೂಲಿಕೆಯಂಥ ಪರಿಮಳ. ಗಾಢ ಮಿಶ್ರಣದಲ್ಲಿ ಇವು ಇದ್ದರೂ ಹೊಗೆಯಡಿ ಹೂತುಹೋಗಿರುತ್ತವೆ.

ಇನ್ನೊಂದು ಮಾತು. ‘ನನ್ನ ರುಚಿ ಬದಲಾಯಿತು’ ಎನ್ನುವವರು ಡಬ್ಬಿಯ ತಾರೀಖನ್ನೂ ನೋಡಬೇಕು. ಮುಚ್ಚಿಟ್ಟ ಡಬ್ಬಿಯಲ್ಲಿ ವರ್ಷಗಳು ಕಳೆದಂತೆ ಲಟಾಕಿಯಾದ ಹರಿತ ಇಳಿಯುತ್ತದೆ, ವರ್ಜೀನಿಯಾ ಮಾತ್ರ ಇನ್ನಷ್ಟು ಆಳವಾಗುತ್ತದೆ. ನನ್ನ ಹಳೆಯ ಗಾಢ ಡಬ್ಬಿ ಹೊಸದಕ್ಕಿಂತ ಎಷ್ಟೋ ಸೌಮ್ಯವಾಗಿತ್ತು.

ಈಗ ವರ್ಜೀನಿಯಾ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದೂ ಇದೇ ಜಾತಿಯ ತಂಬಾಕು. ಇದನ್ನು ಹದಮಾಡುವಾಗ ಕೊಳವೆಗಳ ಮೂಲಕ ಬಿಸಿ ಮಾತ್ರ ಹಾಯಿಸುತ್ತಾರೆ, ಹೊಗೆ ಎಲೆಗೆ ತಾಗುವುದಿಲ್ಲ. ಎಲೆಯ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ರುಚಿಯ ಬಗ್ಗೆ ನನ್ನ ದೂರಿಲ್ಲ. ಹುಲ್ಲು, ಸಣ್ಣ ಸಿಹಿ, ನಿಧಾನ ಸೇದಿದರೆ ಇನ್ನೂ ಸಿಹಿ. ದೂರು ಇರುವುದು ತೇವದ ಬಗ್ಗೆ.

ಫ್ಲೇಕ್ ಎಂದರೆ ಎಲೆಗಳನ್ನು ಒತ್ತಿ ತೆಳುವಾಗಿ ಕೊಯ್ದ ಪಟ್ಟಿ. ಡಬ್ಬಿಯಿಂದ ತೆಗೆದಾಗ ಒದ್ದೆಯೇ ಇರುತ್ತದೆ, ಒಂದಿಷ್ಟು ಹೊತ್ತು ಗಾಳಿಗೆ ಹರಡಿ ಆಮೇಲೆ ಸೇದಬೇಕು. ಒಣ ಊರಿನವರ ಉಪದೇಶ ಇದು. ವರ್ಷಕ್ಕೆ 3,000 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಕಾರವಾರದಲ್ಲಿ, ಜುಲೈ ತಿಂಗಳಲ್ಲಿ, ಗಾಳಿಗೆ ಹರಡಿದ ಫ್ಲೇಕ್ ಸಂಜೆಗೆ ಇನ್ನಷ್ಟು ಮೆತ್ತಗಾಗಿರುತ್ತದೆ. ಹಾಗೇ ತುಂಬಿಸಿ ಹಚ್ಚಿದರೆ ಕಡ್ಡಿಯ ಮೇಲೆ ಕಡ್ಡಿ ಗೀರಬೇಕು. ಉರಿದಷ್ಟೂ ಹಬೆ, ಹಬೆಯಿಂದ ನಾಲಿಗೆಯ ತುದಿ ಸುಡುತ್ತದೆ, ಪೈಪಿನ ಕೊಳವೆಯಲ್ಲಿ ನೀರು ಗುಳುಗುಳು ಎನ್ನುತ್ತದೆ.

ಫ್ಯಾನಿನ ಕೆಳಗಿಟ್ಟೆ, ಫ್ಯಾನು ಅದೇ ಒದ್ದೆ ಗಾಳಿಯನ್ನೇ ತಿರುಗಿಸುತ್ತದೆ. ಒಲೆಯ ಪಕ್ಕದಲ್ಲಿಟ್ಟೆ, ಎಲೆಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಹತ್ತಿತು. ಮೈಕ್ರೋವೇವಿನಲ್ಲಿ ಒಣಗಿತು, ಆದರೆ ಸಿಹಿಯ ಪರಿಮಳ ಅರ್ಧ ಆವಿಯಾಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಹಳೆಯ 60 ವ್ಯಾಟಿನ ತಂತಿಯ ಬಲ್ಬು ಹಾಕಿದ ಮೇಜಿನ ದೀಪ. ಎಲ್‌ಇಡಿ ದೀಪ ನಡೆಯುವುದಿಲ್ಲ, ಅದರಲ್ಲಿ ಅಷ್ಟು ಬಿಸಿ ಇಲ್ಲ. ಆ ಬಲ್ಬು ಈಗ ಪೇಟೆಯಲ್ಲಿ ಕೇಳಿದ ಕೂಡಲೇ ಸಿಗುವುದೂ ಇಲ್ಲ. ಪಟ್ಟಿಯನ್ನು ಬೆರಳಲ್ಲಿ ಉಜ್ಜಿ ಪುಡಿಮಾಡಿ, ಸ್ಟೀಲ್ ತಟ್ಟೆಯಲ್ಲಿ ತೆಳುವಾಗಿ ಹರಡಿ, ದೀಪದ ಕೆಳಗಿಟ್ಟು, ಹಿಸುಕಿದರೆ ಅಂಟದೆ ಮತ್ತೆ ಬಿಚ್ಚಿಕೊಳ್ಳುವ ಹದ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಜಡಿಮಳೆಯ ಸಂಜೆ ಜಗಲಿಯಲ್ಲಿ ಕುಳಿತು ಪೈಪ್ ಹಚ್ಚುವ ಸುಖಕ್ಕಾಗಿಯೇ ತಂಬಾಕು ಇಟ್ಟುಕೊಂಡವನು ನಾನು. ಆ ಸಂಜೆಯನ್ನೆಲ್ಲ ತಟ್ಟೆ ಕಾಯುವುದರಲ್ಲಿ ಕಳೆಯುವುದು ನನಗೆ ಒಗ್ಗುವುದಿಲ್ಲ.

ಒದ್ದೆ ತಂಬಾಕಿನಿಂದ ಪೈಪಿಗೂ ಕೇಡು. ಬೇಸಿಗೆಯಲ್ಲಿ ಒಂದು ರಾತ್ರಿ ಬಿಟ್ಟರೆ ಒಣಗುವ ಬ್ರಯರ್ (ಪೈಪ್ ಮಾಡುವ ಮರ) ಮಳೆಗಾಲದಲ್ಲಿ ಒಳಗೆ ತೇವ ಹಿಡಿದೇ ಕೂರುತ್ತದೆ. ಒರೆಸದೆ ಮರೆತ ಪೈಪಿನ ಕೊಳವೆಯಲ್ಲಿ ಬೂಸ್ಟು ಕಟ್ಟಿತು. ಮದ್ಯಸಾರದಲ್ಲಿ ಅದ್ದಿದ ಪೈಪ್ ಕ್ಲೀನರಿನಿಂದ ಉಜ್ಜಿ ತೆಗೆಯಬೇಕಾಯಿತು.

ನನ್ನ ಹದವಾದ ಮಿಶ್ರಣದಲ್ಲಿ ಈ ಗೋಳಿಲ್ಲ. ಸಣ್ಣ ಎಳೆಯಾಗಿ ಕತ್ತರಿಸಿದ್ದು, ಡಬ್ಬಿಯಲ್ಲೇ ಬಹುಮಟ್ಟಿಗೆ ಸೇದುವ ಹದದಲ್ಲಿರುತ್ತದೆ. ರಬ್ಬರ್ ಬಿಗಿಯ ಗಾಜಿನ ಜಾಡಿಗೆ ಸುರಿದಿಟ್ಟು, ಬೇಕಾದಷ್ಟೇ ತೆಗೆದು ಕೂಡಲೇ ಮುಚ್ಚಿದರೆ ಸಾಕು.

ಕೆಂಟಕಿಯ ಹೊಗೆ ಬೇರೆ. ಅಮೆರಿಕದ ಕೆಂಟಕಿ, ಟೆನೆಸ್ಸಿಗಳಲ್ಲಿ ಗಟ್ಟಿಮರದ ಕಟ್ಟಿಗೆ, ಮರದ ಹೊಟ್ಟು ಹೊಗೆಯಾಡಿಸಿ ಹದಮಾಡುತ್ತಾರೆ. ರುಚಿ ಚೆನ್ನ, ಆದರೆ ನಿಕೋಟಿನ್ ಜೋರು. ಖಾಲಿ ಹೊಟ್ಟೆಯಲ್ಲಿ ನನಗೆ ಆಗಲಿಲ್ಲ.

ಪೈಪಿನಲ್ಲಿ ವಾಸನೆ ಉಳಿಯುವ ವಿಚಾರ: ಗಾಢ ಲಟಾಕಿಯಾಕ್ಕೆ ಪ್ರತ್ಯೇಕ ಪೈಪ್ ಇಡಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಜೀನಿಯಾವೆಲ್ಲ ಅದೇ ವಾಸನೆ. ನಾನು ಜೋಳದ ದಿಂಡಿನ ಅಗ್ಗದ ಪೈಪೊಂದನ್ನು ಇಟ್ಟಿದ್ದೇನೆ. ಹೆಂಡತಿಗೆ ಎಲ್ಲ ತಂಬಾಕೂ ಒಂದೇ, ಹೊರಗೆ ಕುಳಿತು ಸೇದಬೇಕು ಅಷ್ಟೇ.

ಹೊಗೆಯನ್ನು ಒಳಗೆ ಎಳೆಯದಿದ್ದರೂ ಪೈಪ್ ಬಾಯಿಗೂ ಗಂಟಲಿಗೂ ಕೇಡು ಮಾಡುತ್ತದೆ, ಕ್ಯಾನ್ಸರ್ ತರಬಲ್ಲದು. ಅದಕ್ಕೇ ವಾರಕ್ಕೆ ಒಂದೆರಡು ಸಂಜೆಗೆ ಇಳಿಸಿದ್ದೇನೆ, ಹೊಸಬರಿಗೆ ಶುರು ಮಾಡಿ ಎಂದು ಹೇಳುವುದಿಲ್ಲ. ಇಷ್ಟು ಕಡಿಮೆ ಸೇದುವವನಿಗೆ, ಪಿಂಚಣಿಯ ಲೆಕ್ಕದಲ್ಲಿ, 50 ಗ್ರಾಂನ ಒಂದು ಡಬ್ಬಿ ಹದವಾದ ಮಿಶ್ರಣ ಮಳೆಗಾಲವನ್ನು ದಾಟಿಸುತ್ತದೆ. ಒಡೆಯದ ವರ್ಜೀನಿಯಾ ಡಬ್ಬಿಗಳು ಕಪಾಟಿನಲ್ಲಿವೆ. ಡಿಸೆಂಬರಿನ ಒಣ ಗಾಳಿ ಬಂದ ಮೇಲೆ ತೆಗೆಯುತ್ತೇನೆ. ಗಾಢ ಲಟಾಕಿಯಾ ಉಳಿದಷ್ಟು ಮುಗಿದರೆ ಮತ್ತೆ ತರಿಸುವುದಿಲ್ಲ.